ಪೊರೆಯಡಿಯ ಕುಂಕುಮ

ಜಲಜಾಕ್ಷಿಯ ಲೇಪನ ಕೋಣೆಗೆ ಕಾಲಿಡಬೇಕಾದರೆ ಹೆಣ್ಣುಮಕ್ಕಳು ಬಾಗಿಲಲ್ಲೇ ಮುಡಿದ ಹೂ ತೆಗೆದಿಡಬೇಕು, ಬಳೆ ಬಿಚ್ಚಬೇಕು, ಮುಖದ ಪೌಡರ್ ತೊಳೆದುಕೊಳ್ಳಬೇಕು. ಗಂಡಸರ ಬಾಯಲ್ಲಿ ಅಡಿಕೆಚೂರು ಇದ್ದರೆ ಆಕೆಗೆ ಮೂರು ಮಾರು ದೂರದಿಂದಲೇ ಗೊತ್ತಾಗಿಬಿಡುತ್ತಿತ್ತು. "ನಿಮ್ಮ ಬೆವರಲ್ಲಿ ಉಪ್ಪಿದೆ ಕಣ್ರೋ. ಒಂದು ಬೆರಳಿನ ಗುರುತು ಸಾಕು, ಮೇಲೆ ಹೋದ ಯಂತ್ರ ಕೆಳಗೆ ಬೀಳೋಕೆ!" ಎಂದು ಹೊಸಬರಿಗೆ ಮೊದಲ ದಿನವೇ ಮಂಗಳಾರತಿ. ತುಮಕೂರಿನ ಆಚೆ ಹೆದ್ದಾರಿ ಪಕ್ಕದ ಆ ರಕ್ಷಣಾ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಇದೊಂದೇ ಕೆಲಸ ಮಾಡಿದವಳು ಆಕೆ. ಎಲೆಕ್ಟ್ರಾನಿಕ್ ಕಾರ್ಡುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒಲೆಯಲ್ಲಿ ಒಣಗಿಸಿ, ಅವುಗಳ ಮೈಮೇಲೆ ಪೊರೆ ಎಳೆಯುವುದು. ಆಕೆಯ ಕೈ ದಾಟಿ ಹೋದ ಒಂದು ಕಾರ್ಡೂ ತಪಾಸಣೆಯಲ್ಲಿ ವಾಪಸು ಬಂದಿರಲಿಲ್ಲ. ಈ ಬಗ್ಗೆ ಆಕೆಗೆ ಸ್ವಲ್ಪ ಜಂಬವೂ ಇತ್ತು, ಇರಬೇಕಾದದ್ದೇ.

ಆ ಪೊರೆಯೇ ಇಲ್ಲದಿದ್ದರೆ ಗಗನಠಾಣೆಗಳೂ ಇರುತ್ತಿರಲಿಲ್ಲ ಅನ್ನಿ. ದೇಶದ ಕಾವಲು ನೆಲ ಬಿಟ್ಟು ಆಕಾಶಕ್ಕೆ ಏರಿದ ಕಾಲ ಅದು. ಇಪ್ಪತ್ತನಾಲ್ಕು ಕಿಲೋಮೀಟರ್ ಮೇಲೆ, ಅನಿಲ ತುಂಬಿದ ದೈತ್ಯ ಚೀಲದಡಿ ತೂಗುವ ಪುಟ್ಟ ಕ್ಯಾಬಿನ್. ಒಳಗೆ ಇಬ್ಬರು, ನಲವತ್ತು ದಿನದ ಪಾಳಿ. ಹೊರಗೆ ಸೊನ್ನೆಗಿಂತ ಐವತ್ತೈದು ಡಿಗ್ರಿ ಕೆಳಗೆ. ಬಿಸಿಲು ಬಿದ್ದ ಕಡೆ ಕಾದ ಹಂಚು, ನೆರಳಲ್ಲಿ ಮಂಜುಗಡ್ಡೆ, ಮೇಲಿಂದ ಎಡೆಬಿಡದೆ ಸುರಿಯುವ ವಿಕಿರಣ. ಮನುಷ್ಯ ಹೇಗೋ ತಡೆದುಕೊಳ್ಳುತ್ತಾನೆ, ಎಲೆಕ್ಟ್ರಾನಿಕ್ಸ್ ತಡೆಯುವುದಿಲ್ಲ. ಚಳಿ ಬಿಸಿಲಿಗೆ ಹಿಗ್ಗಿ ಕುಗ್ಗಿ ಅದರ ಕವಚ ಬಿರುಕು ಬಿಡುತ್ತದೆ, ಬಿರುಕಿಗೆ ತೇವ ಇಳಿಯುತ್ತದೆ. ಹೊಸ ಪೊರೆ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಕೂದಲಿನ ಹತ್ತರಲ್ಲೊಂದು ಪಾಲು ದಪ್ಪ. ಬಿರುಕು ಬಿಟ್ಟರೆ ಎಂಬತ್ತು ಡಿಗ್ರಿಗೆ ಕಾಯಿಸಿದರೆ ಸಾಕು, ಗಟ್ಟಿ ತುಪ್ಪ ಕರಗಿ ಮಟ್ಟಸವಾಗುವ ಹಾಗೆ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಪೊರೆಯ ಅಡಿಯಲ್ಲಿ ಏನಾದರೂ ಕೊಳೆ ಉಳಿದಿದ್ದರೆ ಅದನ್ನೂ ಅಷ್ಟೇ ಭದ್ರವಾಗಿ ಮುಚ್ಚಿಡುತ್ತದೆ. ಅದಕ್ಕೇ ಜಲಜಾಕ್ಷಿಯ ಅಷ್ಟೊಂದು ಮಡಿ.

ಆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ರಸ್ತೆಯಾಚೆಗಿನ ನಿಯಂತ್ರಣ ಕೊಠಡಿಯಿಂದ ಆಕೆಗೆ ಕರೆ ಬಂತು. ಒಳಗೆ ಹೋದರೆ ಯಾರ ಮುಖದಲ್ಲೂ ರಕ್ತವಿಲ್ಲ. ಅಲ್ಲಿನ ಮುಖ್ಯಸ್ಥ ನಿರಂಜನ ಪಾಟೀಲರು, ವಿಜಯಪುರದ ಕಡೆಯವರು, ನಾಲ್ಕು ದಿನದ ಗಡ್ಡ ಬಿಟ್ಟುಕೊಂಡು ನಿಂತಿದ್ದರು.

"ಬರ್ರಿ ಅಕ್ಕಾರ. ಮೂರನೇ ಠಾಣೆ ಕೈ ಕೊಡಾಕತ್ತೈತಿ," ಅಂದರು. "ಅನಿಲ ಬಿಟ್ಟು ಕೆಳಗ ಇಳಿಸೂ ಕವಾಟ ಐತಲ್ರಿ, ಅದರ ಕಾರ್ಡಿನ್ಯಾಗ ಕರೆಂಟ್ ಸೋರಾಕತ್ತೈತಿ. ಯಾರೂ ಒತ್ತದನ ಕವಾಟ ತೆರೀತೈತಿ. ಪೂರ್ತಿ ತೆರೀತಂದ್ರ ಠಾಣೆ ಕಲ್ಲು ಬಿದ್ದಂಗ ಬೀಳತೈತಿ. ಕಾರ್ಡು ಬಂದ್ ಮಾಡಿದ್ರ ಇಳಿಯಾಕ ಬರೂದಿಲ್ಲ, ಒಳಗಿನ ಗಾಳಿ ನಾಳೆ ಸಂಜೀಗೆ ಮುಗೀತೈತಿ. ಅಷ್ಟು ಎತ್ತರಕ್ಕ ಹೋಗಿ ಕರಕೊಂಡು ಬರಾಕ ಯಾವ ವಿಮಾನನೂ ಇಲ್ಲ."

"ಬದಲಿ ಕಾರ್ಡು ಇರ್ತವಲ್ಲ ಸರ್?"

"ಎರಡು ಅದಾವು. ಅದೇ ತಲಿ ಕೆಟ್ಟಿರೂದು. ಮೂರೂ ಕಾರ್ಡು ಒಂದೇ ಜಾಗಾದಾಗ ಸೋರಾಕತ್ತಾವ. ಮೂರು ಸಲ ಕಾಯಿಸಿದ್ವಿ. ಕಾಯಿಸಿದಾಗ ಒಂದು ತಾಸು ಸುಮ್ನಿರತೈತಿ, ಆಮ್ಯಾಲ ಮೊದಲಿಗಿಂತ ಜಾಸ್ತಿ."

ಅಷ್ಟರಲ್ಲಿ ಮೇಜಿನ ಮೇಲಿನ ಸ್ಪೀಕರ್ ಗರಗರ ಅಂದಿತು. ಹೆಣ್ಣುದನಿ. ಠಾಣೆಯಲ್ಲಿದ್ದ ಇಬ್ಬರಲ್ಲಿ ಕಿರಿಯಳು, ಧಾರವಾಡದ ಫ್ಲೈಟ್ ಲೆಫ್ಟಿನೆಂಟ್ ರೆಹಾನಾ. "ಸರ್, ಮತ್ತ ನಾನೂರು ಮೀಟರ್ ಇಳೀತ್ರಿ. ನಾವೇನೂ ಒತ್ತಿಲ್ರಿ. ಮೊಣ್ಣಪ್ಪ ಸರ್ ಈಗಷ್ಟ ಕಾರ್ಡು ಬಂದ್ ಮಾಡಿದ್ರು." ಹೆದರಿಕೆಯನ್ನು ನುಂಗಿ ನುಂಗಿ ಆಡಿದ ಮಾತು ಅದು, ಗೊತ್ತಾಗುತ್ತಿತ್ತು.

ಪಾಟೀಲರು ಗೋಡೆಯ ಪರದೆಯ ಮೇಲೆ ಕಾರ್ಡಿನ ಚಿತ್ರ ತೋರಿಸಿದರು. ಬಲಗಡೆ ಮೇಲಿನ ಮೂಲೆಗೆ ಕೆಂಪು ಸುತ್ತು ಹಾಕಿತ್ತು. "ಇಲ್ಲಿ ನೋಡ್ರಿ, ನಂಬರಿನ ಲೇಬಲ್ ಕೆಳಗ. ಹಳೇ ಕಾರ್ಡಿನ್ಯಾಗ ಈ ಮೂಲಿ ಖಾಲಿ ಇತ್ತು. ಹೊಸಾದ್ರಾಗ ಇಲ್ಲಿ ಎರಡು ಗೆರಿ ಬರತಾವ, ನಡುವ ಕೂದಲೆಳೆ ಅಂತರ. ಪೊರೆ ಎಳಿಯೂ ಮುಂದ ಈ ಜಾಗಾದಾಗ ಏನರ ವ್ಯತ್ಯಾಸ ಆಗೇತೇನ್ರಿ? ನಿಮಗ ಏನರ ಹೊಳೀತೈತೇನು?"

ಜಲಜಾಕ್ಷಿಗೆ ನೋಡಿದ ಕೂಡಲೇ ಹೊಳೆಯಿತು. ಆದರೂ, "ಗೊತ್ತಾಗ್ತಿಲ್ಲ ಸರ್," ಅಂದಳು. ಸುಳ್ಳು. ಹತ್ತೊಂಬತ್ತು ವರ್ಷದಲ್ಲಿ ಆ ಕಾರ್ಖಾನೆಯಲ್ಲಿ ಆಕೆ ಆಡಿದ ಮೊದಲ ಸುಳ್ಳು.

ಆಕೆ ಸೇರಿದ ವರ್ಷವೇ ಒಂದು ಹೆಲಿಕಾಪ್ಟರ್ ಬಿದ್ದು ಮೂವರು ಸತ್ತಿದ್ದರು. ಅದರಲ್ಲಿದ್ದ ಒಂದು ಕಾರ್ಡಿಗೆ ಲೇಪ ಬಳಿದವಳು ಜಲಜಾಕ್ಷಿ. ತನಿಖೆಯಲ್ಲಿ ಮಂಜಿನ ದೆಸೆಯಿಂದ ಗುಡ್ಡಕ್ಕೆ ಬಡಿಯಿತು, ಕಾರ್ಡಿನದೇನೂ ತಪ್ಪಿಲ್ಲ ಎಂದು ಬಂತು. ಆದರೂ ಆಕೆಗೆ ವಾರಗಟ್ಟಲೆ ಅನ್ನ ಸೇರಲಿಲ್ಲ. ಹೊಸ ಗಾಡಿ ತಂದರೆ ಜನ ಚಕ್ರದಡಿ ನಿಂಬೆಹಣ್ಣು ಇಟ್ಟು, ಸ್ಟಿಯರಿಂಗಿಗೆ ಕುಂಕುಮ ಹಚ್ಚಿ ಹೊರಡಿಸುತ್ತಾರೆ. ಆಕಾಶಕ್ಕೆ ಹೋಗುವವರಿಗೆ ಯಾರು ಹಚ್ಚುತ್ತಾರೆ? ಆಯುಧಪೂಜೆ ದಿನ ಯಂತ್ರಗಳ ಹೊರಮೈಗೆ ಹಚ್ಚಿ ಸಂಜೆಗೇ ಒರೆಸಿಬಿಡುತ್ತಾರೆ. ಹಾಗಾಗಿ ಜಲಜಾಕ್ಷಿ ತಾನೇ ಶುರು ಮಾಡಿದಳು. ಕಾರ್ಡು ತೊಳೆದು ಒಣಗಿಸಿ, ಪೊರೆ ಎಳೆಯುವ ಮುಂಚೆ, ಹಲ್ಲುಕಡ್ಡಿಯ ತುದಿಯಲ್ಲಿ ಕುಂಕುಮದ ಒಂದು ಬೊಟ್ಟು. ಸಾಸಿವೆಕಾಳಿನ ಕಾಲುಭಾಗ ಆದೀತು. ಯಾವ ಗೆರೆಯೂ ಇಲ್ಲದ ಖಾಲಿ ಮೂಲೆ ನೋಡಿ ಇಡುವುದು, ಮೇಲೆ ಪೊರೆ, ಅದರ ಮೇಲೆ ನಂಬರಿನ ಲೇಬಲ್. "ಹೋದಂಗೆ ಬಾರಪ್ಪ," ಎಂದು ಮನಸ್ಸಿನಲ್ಲೇ ಹೇಳಿ ಮುಂದಿನ ಕಾರ್ಡು ಎತ್ತಿಕೊಳ್ಳುವುದು. ಹೊಸ ಕಾರ್ಡಿನ ಗೆರೆಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು, ಮೂಲೆ ಖಾಲಿಯಲ್ಲ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕಿತ್ತು, ಬೊಟ್ಟಿನ ವಿಷಯ ಯಾರಿಗೂ ಗೊತ್ತಿದ್ದರೆ ತಾನೆ!

"ಮೂರು ಗಂಟೆಗೆ ಕಡೇ ಸಲ ಕಾಯಿಸ್ತೀವಿ," ಎಂದು ಪಾಟೀಲರು ಎಲ್ಲರಿಗೂ ಕೇಳುವಂತೆ ಹೇಳಿದರು. "ಪೂರ್ತಿ ತೊಂಬತ್ತು ಡಿಗ್ರಿ. ಮೂಗು ಹಿಡಕೊಂಡು ಮುಳುಗೂದ. ಬ್ಯಾರೆ ದಾರಿಲ್ಲ."

ಕಾಯಿಸಿದರೆ ಏನಾಗುತ್ತದೆಂದು ಆ ಕೊಠಡಿಯಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ. ಮೇಲಿಂದ ಬಿದ್ದ ಗಾಯವನ್ನು ಪೊರೆ ಮುಚ್ಚುತ್ತದೆ. ಅಡಿಯಲ್ಲಿರುವುದನ್ನು ಬಿಸಿ ಇನ್ನಷ್ಟು ಕರಗಿಸಿ ಹರಡುತ್ತದೆ. ಹೊಸಬರಿಗೆ ಇದನ್ನೇ ಅಲ್ಲವೆ ಆಕೆ ಬಡಿದುಕೊಂಡು ಹೇಳುತ್ತಿದ್ದದ್ದು?

ಊಟದ ಗಂಟೆ ಹೊಡೆಯಿತು. ಆಕೆಯ ಕಾಲು ಕ್ಯಾಂಟೀನಿನ ಕಡೆ ಹೋಗಲಿಲ್ಲ, ಕಾರ್ಖಾನೆಯ ಆಸ್ಪತ್ರೆಯ ಕಡೆ ಹೋಯಿತು. ಗಂಡ ವೆಂಕಟಾಚಲ ಅಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದ. ಮೊದಲು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಎರಡೂ ಮೂತ್ರಪಿಂಡ ಕೈಕೊಟ್ಟು ನಾಲ್ಕು ವರ್ಷ. ಸೋಮವಾರ, ಬುಧವಾರ, ಶುಕ್ರವಾರ ಇಲ್ಲಿ ರಕ್ತ ತೊಳೆಸಿಕೊಂಡರೆ ಬದುಕು, ಇಲ್ಲದಿದ್ದರೆ ಇಲ್ಲ. ಜಲಜಾಕ್ಷಿಯ ಕೊರಳಲ್ಲಿ ತೂಗುವ ನೌಕರಿಯ ಕಾರ್ಡೇ ಅವನ ಆಸ್ಪತ್ರೆಯ ಕಾರ್ಡು.

ಆಕೆ ಮಂಚದ ಪಕ್ಕ ಕೂತು, ದನಿ ಇಳಿಸಿ ಎಲ್ಲ ಹೇಳಿದಳು. ಬೊಟ್ಟು ಇಟ್ಟದ್ದು, ಕವಾಟ ತಾನಾಗಿ ತೆರೆಯುತ್ತಿರುವುದು, ಮೂರು ಗಂಟೆಗೆ ಮತ್ತೆ ಕಾಯಿಸುವುದು. ವೆಂಕಟಾಚಲ ಯಂತ್ರದಲ್ಲಿ ತಿರುಗುತ್ತಿದ್ದ ತನ್ನ ರಕ್ತವನ್ನೇ ನೋಡುತ್ತ ಕೇಳಿಸಿಕೊಂಡ.

"ಹೇಳ್ಬೇಡ ಕಣೆ," ಅಂದ.

"ರೀ, ಮೇಲೆ ಇಬ್ಬರಿದ್ದಾರೆ."

"ಇರ್ಲಿ! ನಾನಿಲ್ವಾ ಇಲ್ಲಿ?" ಅವನ ದನಿ ಏರಿತು, ಪಕ್ಕದ ಮಂಚದವರು ತಿರುಗಿ ನೋಡಿದರು. ಮತ್ತೆ ಇಳಿಸಿದ. "ನೀನು ಹೇಳಿದ್ರೆ ಬೆಳಿಗ್ಗೆನೇ ನಿನ್ನ ಕೆಲಸ ಹೋಯ್ತು. ಹದಿನೈದು ದಿನ, ಅಷ್ಟೇ ನಂದು. ಅವರು ಮಿಲಿಟರಿಯವರು ಜಲಜಾ. ಸಾಯೋಕೆ ತಯಾರಾಗೇ ಹೋಗಿರ್ತಾರೆ. ನಾನು ತಯಾರಿಲ್ಲ. ನಂಗೆ ಭಯ ಆಗುತ್ತೆ ಕಣೆ."

ಅಷ್ಟು ಬಾಯಿಬಿಟ್ಟು ಅವನು ಎಂದೂ ಹೇಳಿದವನಲ್ಲ. ನಾಲ್ಕು ವರ್ಷ ಸೂಜಿ ಚುಚ್ಚುವಾಗಲೂ ನರ್ಸುಗಳ ಜೊತೆ ತಮಾಷೆ ಮಾಡಿಕೊಂಡೇ ಇದ್ದವನು. ಜಲಜಾಕ್ಷಿ ಅವನ ಹಣೆ ಸವರಿದಳು. "ಆಯ್ತು ಬಿಡಿ, ಹೇಳಲ್ಲ," ಅಂದಳು. ಹಾಗೆ ಹೇಳುವಾಗ ಅದು ನಿಜವೇ ಆಗಿತ್ತು. ಎರಡು ಗಂಟೆಯವರೆಗೂ ಅವನ ಕೈ ಹಿಡಿದುಕೊಂಡು ಕೂತಳು. ಯಂತ್ರ ನಿಂತಿತು, ನರ್ಸು ಸೂಜಿ ತೆಗೆದಳು. ಅವನನ್ನು ಆಟೋ ಹತ್ತಿಸಿ ಮನೆಗೆ ಕಳಿಸಿ, ರಸ್ತೆ ದಾಟಿ ಲೇಪನ ಕೋಣೆಗೆ ಬಂದಳು.

ಮೇಜಿನ ಮೇಲೆ ಬೆಳಿಗ್ಗೆ ತೊಳೆದಿಟ್ಟ ಕಾರ್ಡುಗಳು ಕಾಯುತ್ತಿದ್ದವು. ಒಂದನ್ನು ಎತ್ತಿಕೊಂಡಳು. ಕೈ ತನ್ನಷ್ಟಕ್ಕೇ ಡ್ರಾಯರಿನೊಳಗಿನ ಪುಟ್ಟ ಕುಂಕುಮದ ಡಬ್ಬಿಯ ಕಡೆ ಹೋಯಿತು. ಛೆ! ಆಕೆಗೆ ತನ್ನ ಕೈಯ ಮೇಲೇ ಹೇಸಿಗೆ ಹುಟ್ಟಿತು. ಗಡಿಯಾರ ನೋಡಿದರೆ ಎರಡೂ ಮುಕ್ಕಾಲು. ಆ ಹುಡುಗಿಯ ದನಿ ಕಿವಿಯಿಂದ ಹೋಗುತ್ತಿರಲಿಲ್ಲ, ನಾವೇನೂ ಒತ್ತಿಲ್ರಿ, ನಾವೇನೂ ಒತ್ತಿಲ್ರಿ. ಡಬ್ಬಿ ಎತ್ತಿಕೊಂಡು ಓಡಿದಳು. ಐವತ್ತೆರಡರ ಹೆಂಗಸು, ಮಂಡಿನೋವಿನವಳು, ಏಪ್ರನ್ನಿನಲ್ಲೇ ಹೆದ್ದಾರಿ ದಾಟಿ ಓಡಿದಳು. ಕಾವಲಿನವನು ಕೂಗಿದ್ದು ಕೇಳಿಸಲೇ ಇಲ್ಲ.

"ಸರ್, ಕಾಯಿಸ್ಬೇಡಿ!"

ಎಲ್ಲರೂ ತಿರುಗಿದರು.

"ಪೊರೆ ಕೆಳಗೆ ಕುಂಕುಮ ಇದೆ. ನಾನೇ ಇಟ್ಟಿದ್ದು. ಮೂರಕ್ಕೂ."

ಪಾಟೀಲರು ಆಕೆಯ ಕೈಯ ಡಬ್ಬಿಯನ್ನೇ ನೋಡಿದರು. "ಅಯ್ಯೋ ನಮ್ಮವ್ವಾ," ಅಂದರು. "ಏನ್ ಮಾಡಿಟ್ಟ್ರಿ!" ಆದರೆ ಮನುಷ್ಯ ಕೆಲಸದವನು, ಸಿಟ್ಟನ್ನು ಅಲ್ಲೇ ಬಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಅಂಗಡೀದೋ, ಮನೀದೋ? ಏನೇನು ಹಾಕ್ತೀರಿ ಹೇಳ್ರಿ, ಲಗೂನ!"

"ಮನೇದು ಸರ್. ಅರಿಶಿನದ ಕೊಂಬು, ನಿಂಬೆರಸ, ಬಿಳಿಗಾರ, ಪಟಿಕ."

"ಪಟಿಕ, ಬಿಳಿಗಾರ. ಎರಡೂ ಉಪ್ಪಿನ ಜಾತಿ." ಪಾಟೀಲರು ಪರದೆಯ ಕಡೆ ತಿರುಗಿದರು. "ಕ್ಯಾಬಿನ್ನಿನ ಗಾಳೀನ ಕಾರ್ಡಿನ ಪೆಟಿಗಿ ಸುತ್ತ ತಿರುಗತೈತಿ. ಮೂವತ್ತೊಂಬತ್ತು ದಿನ ಇಬ್ಬರ ಉಸಿರಿನ ತೇವ ಪೊರೆಯೊಳಗ ಇಳದೈತಿ, ಕುಂಕುಮ ಅದನ್ನ ಕುಡದು ಕುಂತೈತಿ. ನಾವು ಕಾಯಿಸಿ ಕಾಯಿಸಿ ಉಪ್ಪುನೀರು ಹರಡಿಸೀವಿ. ಕಾಯಿಸೂದಲ್ಲ, ಹೆಪ್ಪುಗಟ್ಟಿಸಬೇಕು. ಹೆಪ್ಪುಗಟ್ಟಿದ ಉಪ್ಪುನೀರಿನ್ಯಾಗ ಕರೆಂಟ್ ಹರಿಯೂದು ನಿಲ್ಲತೈತಿ."

ಪೆಟ್ಟಿಗೆ ಇದ್ದದ್ದು ಕ್ಯಾಬಿನ್ನಿನ ಎರಡು ಗೋಡೆಗಳ ನಡುವೆ. ಒಳಗಿನಿಂದ ಕೈ ಹೋಗುವುದಿಲ್ಲ. ಅದನ್ನು ತಣಿಸಬೇಕಾದರೆ ಕ್ಯಾಬಿನ್ನನ್ನೇ ತಣಿಸಬೇಕು. ಹೀಟರ್ ಆರಿಸಿ, ಒಳಗೂ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ ಹೋಗುವವರೆಗೆ ಆ ಇಬ್ಬರೂ ಕೂತಿರಬೇಕು. ಅವರು ತೊಟ್ಟ ಬಿಸಿ ಉಡುಪಿನ ಬ್ಯಾಟರಿ ಎರಡು ತಾಸು ಬೆಚ್ಚಗಿಡುತ್ತದೆ. ಬೇಕಾದದ್ದು ನಾಲ್ಕು ತಾಸು.

ಪಾಟೀಲರು ಇದ್ದದ್ದನ್ನು ಇದ್ದ ಹಾಗೆ ಮೇಲಿನ ಠಾಣೆಗೆ ಹೇಳಿದರು. ಅಲ್ಲಿದ್ದ ಹಿರಿಯ ಅಧಿಕಾರಿ ಮೊಣ್ಣಪ್ಪ, "ಕೊಡಗಿನವನನ್ನು ಚಳಿ ತೋರಿಸಿ ಹೆದರಿಸ್ತೀರಾ? ಆರಿಸ್ತೇವೆ," ಅಂದ. ಚಳಿ ಹೆಚ್ಚಿದರೆ ಹೀಟರ್ ತಾನಾಗಿಯೇ ಹತ್ತಿಕೊಳ್ಳುವ ಏರ್ಪಾಡಿತ್ತು. ಅದರ ತಂತಿ ಇದ್ದದ್ದು ಹಿಮಗಟ್ಟಿದ ಹೊರಗೋಡೆಯ ಲೋಹಕ್ಕೆ ಅಂಟಿಕೊಂಡು, ದಪ್ಪ ಕೈಗವಸಿನಲ್ಲಿ ಬಿಡಿಸಲು ಆಗುವುದಿಲ್ಲ. ರೆಹಾನಾ ಗವಸು ತೆಗೆದು ಬರಿಗೈಯಲ್ಲಿ ಬಿಡಿಸಿದಳು. ಒಂದು ತಂತಿ ಸಿಕ್ಕಿಹಾಕಿಕೊಂಡು ಹದಿನೇಳು ನಿಮಿಷ ಹಿಡಿಯಿತು.

ಆಮೇಲಿನ ನಾಲ್ಕು ತಾಸು ಜಲಜಾಕ್ಷಿ ಆ ಕೊಠಡಿಯ ಮೂಲೆಯಲ್ಲಿ ನಿಂತೇ ಇದ್ದಳು. ಕೂತ್ಕೋ ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಸ್ಪೀಕರಿನಲ್ಲಿ ಮೊದಲು ಮಾತು ಬರುತ್ತಿತ್ತು, ಆಮೇಲೆ ಹಲ್ಲು ಕಡಿಯುವ ಸದ್ದು, ಆಮೇಲೆ ಬರೀ ಉಸಿರು. "ರೆಹಾನಾ, ಮಲಗಬೇಡವಾ. ಮಾತಾಡು," ಎಂದು ಪಾಟೀಲರು ಗೋಗರೆಯುತ್ತಿದ್ದರು. ಅವಳು ಮನೆಯ ಬೀದಿಯಲ್ಲಿರುವ ಅಂಗಡಿಗಳ ಹೆಸರು ಒಂದೊಂದಾಗಿ ಹೇಳಿದಳು. ದರ್ಜಿ ಅಂಗಡಿ, ಗಿರಣಿ, ಪೇಡೆ ಅಂಗಡಿ. ಮತ್ತೆ ದರ್ಜಿ ಅಂಗಡಿ. ಜಲಜಾಕ್ಷಿ ಸೆರಗು ಬಾಯಿಗೆ ತುರುಕಿಕೊಂಡಳು. ಇವಳಿಗೇ ಅಲ್ಲವೆ ತಾನು ಹೋದಂಗೆ ಬಾ ಎಂದು ಹೇಳಿ ಕಳಿಸಿದ್ದು.

ಏಳೂವರೆಗೆ ಪಾಟೀಲರು ಕಾರ್ಡಿಗೆ ಕರೆಂಟು ಕೊಡಿಸಿದರು. ಸೋರಿಕೆಯ ಗೆರೆ ಪರದೆಯ ಮೇಲೆ ಅಲುಗಾಡದೆ ಸೊನ್ನೆಯ ಹತ್ತಿರ ನಿಂತಿತು. ಕವಾಟ ಹೇಳಿದಷ್ಟು ತೆರೆಯಿತು, ಹೇಳಿದಾಗ ಮುಚ್ಚಿತು. ಠಾಣೆ ಇಳಿಯತೊಡಗಿತು. ಆರು ಕಿಲೋಮೀಟರ್ ಎತ್ತರಕ್ಕೆ ಬಂದಾಗ ಪ್ಯಾರಾಚೂಟ್ ಬಿಚ್ಚಿಕೊಂಡಿತು. ಅರಬ್ಬಿ ಸಮುದ್ರದಲ್ಲಿ ಕಾಯುತ್ತಿದ್ದ ಹಡಗಿನವರು ಇಬ್ಬರನ್ನೂ ಎತ್ತಿಕೊಂಡರೆಂಬ ಸುದ್ದಿ ಬಂದಾಗ ಕೊಠಡಿಯವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಮೂಲೆಯಲ್ಲಿ ನಿಂತವಳನ್ನು ಯಾರೂ ತಬ್ಬಿಕೊಳ್ಳಲಿಲ್ಲ.

ಮರುದಿನ ಭದ್ರತಾ ಅಧಿಕಾರಿ ನಂಜುಂಡಸ್ವಾಮಿ ಹೇಳಿಕೆ ಬರೆಸಿಕೊಂಡರು. "ಒಟ್ಟು ಎಷ್ಟು ಕಾರ್ಡಿಗೆ ಹೀಗೆ ಮಾಡಿದ್ದೀರಿ?" ಎಂದು ಕೇಳಿದರು.

"ಎಲ್ಲಾದಕ್ಕೂ ಸರ್. ಹತ್ತೊಂಬತ್ತು ವರ್ಷದ್ದು."

ಅವರ ಪೆನ್ನು ನಿಂತೇಹೋಯಿತು. ಆಕಾಶದಲ್ಲಿ ಇನ್ನೂ ನಾಲ್ಕು ಠಾಣೆಗಳಿದ್ದವು. ಎದ್ದು ಫೋನು ಮಾಡಿ ಬಂದರು. ನಾಲ್ಕನ್ನೂ ತಣಿಸಿ ಇಳಿಸಲು ಅಪ್ಪಣೆಯಾಯಿತು. ಮತ್ತೆ ಬಂದು ಕೂತು, ಕೈ ಚಾಚಿದರು. ಜಲಜಾಕ್ಷಿಗೆ ಅರ್ಥವಾಯಿತು. ಕೊರಳಿನ ಕಾರ್ಡು ತೆಗೆದವಳು ಕೊಡದೆ ಹಿಡಿದುಕೊಂಡಳು.

"ಸರ್, ನಾಳೆ ಒಂದು ದಿನ ಬಿಟ್ಟು ತಗೊಳ್ಳಿ. ನಾಳೆ ಬೆಳಿಗ್ಗೆ ನಮ್ಮನೆಯವರಿಗೆ ಡಯಾಲಿಸಿಸ್ ಇದೆ. ನಿಮ್ಮ ದಮ್ಮಯ್ಯ ಅಂತೀನಿ."

ನಂಜುಂಡಸ್ವಾಮಿ ಕೆಟ್ಟ ಮನುಷ್ಯನಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದರು: "ಅಮ್ಮಾ, ಕಾರ್ಡು ನಿನ್ನೆ ಸಂಜೇನೇ ಕಂಪ್ಯೂಟರಲ್ಲಿ ರದ್ದಾಗಿದೆ. ಇದು ನಿಮ್ಮ ಹತ್ರ ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಪಾಟೀಲರು ಆಸ್ಪತ್ರೆಗೆ ತಾವೇ ಹೋಗಿ ವಾದ ಮಾಡಿದರಂತೆ, ಆಗಲಿಲ್ಲವಂತೆ.

ಬುಧವಾರ ಬೆಳಿಗ್ಗೆ ವೆಂಕಟಾಚಲ ಇಸ್ತ್ರಿ ಅಂಗಿ ಹಾಕಿಕೊಂಡು, ಹೊದಿಕೆಯ ಚೀಲ ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದ. ಹೆಂಡತಿ ವಿಚಾರಣೆಗೆ ಹೋಗಿದ್ದಳೆಂದು ಗೊತ್ತಿತ್ತು, ಏನು ಹೇಳಿದಳೆಂದು ಅವನು ಕೇಳಿರಲಿಲ್ಲ. ಈಗ ಆಕೆಯ ಕೊರಳಲ್ಲಿ ಕಾರ್ಡಿಲ್ಲದ್ದು ನೋಡಿದ.

"ಹೇಳ್ಬಿಟ್ಯಾ," ಅಂದ.

"ಹೂಂ."

"ನಾನು ಬೇಡ ಅಂದಿದ್ದೆ."

"ಹೂಂ."

ಅವನು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟ. ಬೀದಿಯಲ್ಲಿ ಹೋಗುವವರು ನೋಡಿದರು, ನೋಡಲಿ. ಜಲಜಾಕ್ಷಿ ಸಮಾಧಾನ ಮಾಡಲಿಲ್ಲ, ಯಾವ ಬಾಯಿಯಿಂದ ಮಾಡಬೇಕು? ಅವನು ಅತ್ತು ಮುಗಿಸುವವರೆಗೆ ನಿಂತಿದ್ದು ಆಟೋ ಕರೆದಳು.

ಜಿಲ್ಲಾ ಆಸ್ಪತ್ರೆಯಲ್ಲಿ ನಾಲ್ಕು ಯಂತ್ರ, ಸಾಲಾಗಿ ಬೆಂಚು, ಬೆಂಚಿನ ತುಂಬ ಊದಿದ ಪಾದಗಳು. ನರ್ಸು ಚೀಟಿ ಬರೆದು ಕೊಟ್ಟಳು, ಮೂವತ್ತೊಂದನೆಯವರು, ಒಂಬತ್ತು ದಿನ ಆಗುತ್ತದೆ ಎಂದಳು. "ಮೊನ್ನೆ ಸೋಮವಾರ ಮಾಡಿಸಿದ್ದಮ್ಮ. ಒಂಬತ್ತು ದಿನ ತಡೀತಾರಾ?" ಎಂದು ಜಲಜಾಕ್ಷಿ ಕೇಳಿದಳು. ನರ್ಸು ವೆಂಕಟಾಚಲನ ಮುಖ ನೋಡಿದಳು. "ನೀರು ಕಮ್ಮಿ ಕುಡಿಸಿ," ಎಂದಳು. "ಯಾರಾದ್ರೂ ಬರ್ದೇ ಇದ್ರೆ ಮುಂಚೆ ಸಿಗಬಹುದು. ಇಲ್ಲೇ ಕೂತಿರಿ."

ಯಾರಾದರೂ ಬಾರದೇ ಇದ್ದರೆ ಅಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಬೆಂಚಿನ ಕೊನೆಯಲ್ಲಿ ಜಾಗ ಮಾಡಿಕೊಂಡು ಕೂತರು. ಮಧ್ಯಾಹ್ನದ ಸೆಕೆ. ಬಹಳ ಹೊತ್ತಿನ ಮೇಲೆ ಅವನು, "ಬಾಯಾರಿಕೆ ಕಣೆ," ಅಂದ. ಆಕೆ ಫ್ಲಾಸ್ಕಿನ ಮುಚ್ಚಳದಲ್ಲಿ ಅರ್ಧದಷ್ಟು ಬಗ್ಗಿಸಿಕೊಟ್ಟಳು. ಅವನು ಅದನ್ನೇ ಬಾಯಲ್ಲಿ ತುಂಬ ಹೊತ್ತು ಇಟ್ಟುಕೊಂಡು ನುಂಗಿದ. ಮುಚ್ಚಳ ವಾಪಸು ಕೊಡುವಾಗ ಕೇಳಿದ:

"ಬರಿಗೈಯಲ್ಲಿ ತಂತಿ ಬಿಡಿಸಿದ್ಲು ಅಂತ ಟೀವಿಲಿ ಹೇಳಿದ್ರಲ್ಲ, ಆ ಹುಡುಗಿ. ಬೆರಳು ಉಳಿದ್ವಂತಾ?"

"ಎಡಗೈದು ಎರಡು ಹೋದ್ವಂತೆ."

"ಉಳಿದಿದ್ದು?"

"ಉಳಿದಿವೆಯಂತೆ."

"ಸರಿ ಬಿಡು," ಅಂದ ವೆಂಕಟಾಚಲ. ಆಕೆಯ ಕೈಯಿಂದ ಚೀಟಿ ತೆಗೆದುಕೊಂಡು, "ಒಳಗೆ ಎಷ್ಟನೇ ನಂಬರ್ ಕರೀತಿದ್ದಾರೆ, ಹೋಗಿ ಕೇಳ್ಕೊಂಡು ಬಾ," ಅಂದ.